ತೂಬಿನ ಬೀಗದ ಕೈ

ನಮ್ಮ ಚಿಕ್ಕಪ್ಪನಿಗೆ ಕಂಪ್ಯೂಟರ್ ಬರುವುದಿಲ್ಲ. ಆದರೆ ಕಂಪ್ಯೂಟರ್ ಬರುವವರನ್ನು ಗೋಳಾಡಿಸಲು ಬಹಳ ಚೆನ್ನಾಗಿ ಬರುತ್ತದೆ!

ನಾನೂ ನನ್ನ ಗೆಳತಿಯೂ ಇದ್ದ ಕೆಲಸ ಬಿಟ್ಟು, ಮಂಡ್ಯದ ಒಂದು ಮಹಡಿ ಕೋಣೆಯಲ್ಲಿ ಕೂತು, ಯಾವ ಗದ್ದೆಗೆ ಯಾವತ್ತು ನಾಲೆ ನೀರಿನ ಸರದಿ ಎಂದು ತೋರಿಸುವ ಸಾಫ್ಟ್‌ವೇರ್ ಬರೆದೆವು. ಉಳಿದದ್ದು ಒಂದೇ ತೀರ್ಮಾನ. ಅದನ್ನು ನಮ್ಮ ಸರ್ವರಿನಲ್ಲಿಟ್ಟುಕೊಂಡು ಎಲ್ಲರಿಗೂ ಮೊಬೈಲಿನಲ್ಲಿ ತೋರಿಸುವುದೋ, ಆಯಾ ಊರಿನ ನೀರು ಸಂಘದ ಕಂಪ್ಯೂಟರಿಗೇ ಹಾಕಿಕೊಡುವುದೋ? ನನ್ನ ಮನಸ್ಸು ಮೊದಲನೆಯದಕ್ಕೆ. ಒಂದು ಕಡೆ ಸರಿಪಡಿಸಿದರೆ ಎಲ್ಲ ಕಡೆ ಸರಿ. ಇಲ್ಲದಿದ್ದರೆ ಪೆನ್‌ಡ್ರೈವ್ ಹಿಡಿದು ಇವತ್ತು ಯಲಿಯೂರು, ನಾಳೆ ಪೂರಿಗಾಲಿ ಅಂತ ಬಸ್ಸು ಹತ್ತುವವರು ಯಾರು, ಚಿಕ್ಕಪ್ಪನೇ?

ಆದರೆ ಕೆರಗೋಡು ಕಡೆಯ ಸಂಘವೇ ನಮ್ಮ ಮೊದಲ ಗಿರಾಕಿ. ಅಲ್ಲಿ ಚಿಕ್ಕಪ್ಪ ಹೂಂ ಅನ್ನದೆ ಯಾರೂ ಹೂಂ ಅನ್ನುವುದಿಲ್ಲ. ಮೂವತ್ತು ವರ್ಷ ನೀರುಗಂಟಿಯಾಗಿ ಅವರೆಲ್ಲರ ಗದ್ದೆಗೆ ನಾಲೆಯ ತೂಬು ಎತ್ತಿ ನೀರು ಬಿಟ್ಟವನು. ಅವನು ಬೇಡ ಅಂದರೆ ನಾವು ಗಂಟುಮೂಟೆ ಕಟ್ಟಬೇಕು, ಅಷ್ಟೇ.

“ಇದು ಕ್ಲೌಡಲ್ಲಿ ಇರ್ತದೆ ಚಿಕ್ಕಪ್ಪ, ಅಂದ್ರೆ ಮೋಡ” ಎಂದು ವಿವರಿಸಿದ್ದೇ ತಪ್ಪಾಯಿತು.

“ಮೋಡ ನಂಬ್ಕಂಡು ಕುಂತ್ಕಳಕೆ ನಾವೇನು ಮಳೆ ಕಾಯೋರಾ? ನಾಲೆಯೋರು ಕಣವ್ವ!”

“ಮೋಡ ಅಂದ್ರೆ ಮೋಡ ಅಲ್ಲ. ನಾವು ನೋಡ್ಕಳೋ ಸರ್ವರು!”

“ಅಂಗಾರೆ ಮೋಡ ಅಂತ ಯಾಕಂದೆ?”



ಹಾಳಾಗಲಿ ಎಂದು ಪರೀಕ್ಷೆಗಾಗಿ ಸಂಘದ ಕಂಪ್ಯೂಟರಿಗೂ ಒಂದು ಪ್ರತಿ ಹಾಕಿ, “ಇನ್‌ಸ್ಟಾಲ್ ಆಯ್ತು” ಎಂದೆ. ಚಿಕ್ಕಪ್ಪ ಎದ್ದುಹೋಗಿ ಎಮ್ಮೆ ಕಟ್ಟುವ ಸರಪಳಿ ತಂದು, ಕಂಪ್ಯೂಟರನ್ನು ಕಿಟಕಿ ಸರಳಿಗೆ ಬಿಗಿದು, “ಈಗಾಯ್ತು ನೋಡು ಇನ್‌ಸ್ಟಾಲು!” ಎಂದ. ಪಾಸ್‌ವರ್ಡ್ ಗುಟ್ಟಾಗಿರಲಿ ಎಂದರೆ ಇದ್ದಲು ತಗೊಂಡು ಗೋಡೆ ಮೇಲೇ ಬರೆದ!

“ಗುಟ್ಟು ಮಡಿಕಂಡು ನೀರು ಬುಡಕಾಯ್ತದಾ ಕಣವ್ವ?”

ಇದು ತೀರ್ಮಾನವಾಗಬೇಕಿದ್ದ ಸಂಘದ ಸಭೆಯ ದಿನ ಬೆಳಿಗ್ಗೆಯೂ ಅದೇ ರಾಗ, ನಿಮ್ ಸರ್ವರು ಬ್ಯಾಡ, ಎಲ್ಲಾ ಇಲ್ಲೇ ಇರ್ಲಿ ಅಂತ. ನನ್ನ ತಾಳ್ಮೆ ಕೆಟ್ಟಿತು. “ನನ್ ಮೇಲೆ ಅಷ್ಟೂ ನಂಬ್ಕೆ ಇಲ್ವಾ? ನಾನೇನು ಯಾರ ನೀರಾದ್ರೂ ಕದೀತೀನಾ?” ಎಂದು ಕಿರುಚಿಯೇ ಬಿಟ್ಟೆ.

ಚಿಕ್ಕಪ್ಪ ನನ್ನೆದುರು ಬಂದು ಕೂತ.

“ಒಂದ್ ವರ್ಸ ನೀರು ಕಮ್ಮಿ ಇತ್ತು” ಎಂದ. “ನಿಮ್ಮಪ್ಪ ಬಂದು, ಸರದಿಗೆ ಮುಂಚೆ ವಸಿ ತೂಬು ಎತ್ಲಾ ಅಂದ. ಬೀಗದ ಕೈ ನನ್ ಸೊಂಟದಲ್ಲೇ ಇತ್ತು. ಎತ್ನಿಲ್ಲ. ಪೈರು ವಣಗೋಯ್ತು. ಸಾಯಗಂಟ ನಮ್ಮಣ್ಣ ನನ್ ಜತೆ ಮಾತಾಡ್ನಿಲ್ಲ.”

ಅವರಿಬ್ಬರೂ ಮಾತು ಬಿಟ್ಟದ್ದು ನನಗೆ ಗೊತ್ತಿತ್ತು. ಕಾರಣ ಯಾರೂ ಹೇಳಿರಲಿಲ್ಲ.

“ನೀನು ಕದೀತೀಯ ಅಂತಲ್ಲ ಕಣವ್ವ. ನೀನೂ ನನ್ನಂಗೇ ನ್ಯಾಯವಾಗಿರ್ತೀಯ. ಅದ್ಕೇ ಯೋಳ್ತಿರದು. ಎಲ್ಲಾ ಊರಿನ ಬೀಗದ ಕೈನೂ ನೀನೊಬ್ಳೇ ಒತ್ಕಬ್ಯಾಡ.”

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ!

ಸಭೆಯಲ್ಲಿ ನಾನೇ ಎದ್ದು ನಿಂತು, ಆಯಾ ಊರಿನ ಸರದಿ ಆಯಾ ಊರಿನ ಕಂಪ್ಯೂಟರಿನಲ್ಲೇ ಇರಲಿ ಎಂದೆ. ಗೆಳತಿ ಹಣೆ ಹಣೆ ಚಚ್ಚಿಕೊಂಡಳು. ಅವತ್ತಿನಿಂದ ಊರೂರು ಅಲೆಯುತ್ತಿದ್ದೇನೆ, ಚಿಕ್ಕಪ್ಪನಿಗೆ ಶಾಪ ಹಾಕುತ್ತಲೇ. ಆದರೆ ಒಂದು ಊರಿನವರೂ ನನ್ನ ಜತೆ ಮಾತು ಬಿಟ್ಟಿಲ್ಲ.