ಚಿಕ್ಕಮ್ಮ ಓದಿ ಹೇಳಿದ ಕಾದಂಬರಿಗಳು

ಕನ್ನಡದಲ್ಲಿ ಈಗ ಬರೆಯುತ್ತಿರುವ ಎಲ್ಲ ಕಾದಂಬರಿಕಾರರ ಮೇಲೂ ನನ್ನ ಚಿಕ್ಕಮ್ಮನಿಗೆ ಸಿಟ್ಟಿದೆ. ಅವರಲ್ಲಿ ಒಬ್ಬರಿಗೂ ಇದು ಗೊತ್ತಿಲ್ಲ ಎನ್ನುವುದು ಅವರ ಅದೃಷ್ಟ. ತಿರುವನಂತಪುರದ ಶ್ರೀಕಾರ್ಯಂನಲ್ಲಿರುವ ತನ್ನ ಪುಟ್ಟ ಮನೆಯ ವರಾಂಡದಲ್ಲಿ ಕೂತು, ಮೈಸೂರಿನಿಂದ ಬರುವವರ ಕೈಯಲ್ಲಿ ತರಿಸಿಕೊಂಡ ಹೊಸ ಕಾದಂಬರಿಯ ಕೊನೆಯ ಪುಟ ಮುಗಿಸಿ, ಪುಸ್ತಕ ಮಗುಚಿ, ಹಿಂಬದಿಯಲ್ಲಿರುವ ಲೇಖಕರ ಫೋಟೋ ನೋಡುತ್ತಾ ಆಕೆ ವಿಚಾರಣೆ ಶುರು ಮಾಡುತ್ತಾಳೆ.

"ಇಷ್ಟೆಲ್ಲ ಓದ್ಕೊಂಡಿದೀಯ. ಆ ಹುಡುಗೀನ ಕೊನೇಗೆ ಬಸ್‌ಸ್ಟ್ಯಾಂಡಲ್ಲಿ ಒಬ್ಬಳೇ ನಿಲ್ಲಿಸಿ ಹೋಗಿದೀಯಲ್ಲ, ಬಸ್ಸಾದ್ರೂ ಬಂತಾ ಇಲ್ವಾ, ಹೇಳೋಕೇನು ರೋಗ ನಿಂಗೆ?"

ಲೇಖಕರು ನಗುತ್ತಲೇ ಇರುತ್ತಾರೆ. ಫೋಟೋದಲ್ಲಿ ಇನ್ನೇನು ತಾನೇ ಮಾಡಿಯಾರು?

ಚಿಕ್ಕಮ್ಮ ನನ್ನ ತಾಯಿಯ ತಂಗಿ. ನನ್ನ ತಂದೆ ತಿರುವನಂತಪುರದ ಒಂದು ಸಂಸ್ಥೆಯಲ್ಲಿ ವಿಜ್ಞಾನಿಯಾಗಿದ್ದಾಗ, ಅಲ್ಲೇ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕೆಲಸ ಸಿಕ್ಕಿ ನಮ್ಮ ಮನೆಗೆ ಬಂದವಳು. ಮದುವೆಯಾಗಲಿಲ್ಲ, ಊರಿಗೆ ಹಿಂತಿರುಗಲೂ ಇಲ್ಲ. ನಮ್ಮ ಕ್ವಾರ್ಟರ್ಸಿನಲ್ಲಿ ಕನ್ನಡದ ಮಕ್ಕಳು ಬೇಕಾದಷ್ಟಿದ್ದೆವು. ಎಲ್ಲರೂ ಜಗಳವಾಡುತ್ತಿದ್ದುದು ಮಾತ್ರ ಮಲಯಾಳದಲ್ಲಿ. ಸಂಜೆಯಾದರೆ ಚಿಕ್ಕಮ್ಮ ಮೆಟ್ಟಿಲ ಮೇಲೆ ಕೂತು ನಮಗೆ ಕಥೆ ಹೇಳುತ್ತಿದ್ದಳು. ಷರತ್ತು ಒಂದೇ: ನಡುನಡುವೆ ಕನ್ನಡದಲ್ಲಿ "ಆಮೇಲೆ?" ಎನ್ನಬೇಕು. ಮಲಯಾಳದಲ್ಲಿ "ಎನ್ನಿಟ್ಟ್?" ಎಂದರೋ, ರಾಜಕುಮಾರ ಕುದುರೆಯ ಮೇಲೆ ಒಂದು ಕಾಲಿಟ್ಟವನು ಹಾಗೇ ನಿಂತುಬಿಡುತ್ತಿದ್ದ.

ಅವಳ ಕಥೆಗಳಲ್ಲಿ ಯಾರೂ ಸಾಯುತ್ತಿರಲಿಲ್ಲ. ಹುಲಿ ಹಸುವನ್ನು ಬಿಟ್ಟುಕೊಟ್ಟು, ಕರಿಬೇವು ಹಾಕಿದ ಉಪ್ಪಿಟ್ಟು ತಿಂದು ಕಾಡಿಗೆ ಹೋಗುತ್ತಿತ್ತು. ನನ್ನ ಅಮ್ಮ ಒಮ್ಮೆ ಅಡುಗೆಮನೆಯಿಂದಲೇ ಆಕ್ಷೇಪಿಸಿದ್ದರು: "ಯಾವ ಹುಲಿ ಕಣೇ ಉಪ್ಪಿಟ್ಟು ತಿನ್ನೋದು?"

"ಹಸಿದಿರೋ ಹುಲಿ ಅಕ್ಕ. ಇವನ ಮುಖ ನೋಡು. ಹಸು ಸತ್ತರೆ ಇವತ್ತು ಇವನು ಮಲಗ್ತಾನಾ?"

ಇವನು ಎಂದರೆ ನಾನು. ನಾನಾದರೋ ಹಸು ಉಳಿದರೂ ಮಲಗುತ್ತಿರಲಿಲ್ಲ. ಬರೀ ಉಪ್ಪಿಟ್ಟಿನಲ್ಲಿ ಹುಲಿಯ ಹೊಟ್ಟೆ ತುಂಬಿತೋ ಇಲ್ಲವೋ ಎಂಬ ಚಿಂತೆ.

ಆ ಗುಣ ಐವತ್ತು ದಾಟಿದ ಮೇಲೂ ಹೋಗಿಲ್ಲ. ಈಗ ಕೊಚ್ಚಿಯಲ್ಲಿ ಬ್ಯಾಂಕಿನ ಕೆಲಸ, ಆಲುವದಲ್ಲಿ ಮನೆ. ಬೀಗ ಹಾಕಿ ಮೆಟ್ರೋ ಹತ್ತಿದ ಮೇಲೆ ಬೀಗದ ಚಿಂತೆ, ಇಳಿದ ಮೇಲೆ ಮೆಟ್ರೋದಲ್ಲಿ ಏನು ಬಿಟ್ಟೆನೋ ಎಂಬ ಚಿಂತೆ. ಇಷ್ಟು ತಯಾರಿಯಿದ್ದ ಮನುಷ್ಯ ನಿಜವಾದ ತೊಂದರೆ ಬಂದಾಗ ಏನು ಮಾಡಿದೆ ಗೊತ್ತೆ? ಎಡಗಣ್ಣಿನ ಮುಂದೆ ಕಪ್ಪು ಚುಕ್ಕೆಗಳು ಹಾರಾಡತೊಡಗಿದಾಗ ಸೊಳ್ಳೆ ಎಂದುಕೊಂಡು ಸೊಳ್ಳೆ ಬ್ಯಾಟು ಕೊಂಡು ತಂದೆ. ದಿನಗಟ್ಟಲೆ ಮನೆಯೆಲ್ಲ ಬೀಸಿದೆ. "ಇಷ್ಟು ಬೀಸ್ತೀರಿ, ಒಂದು ಸಲನಾದ್ರೂ ಚಟ್ ಅನ್ನಲ್ಲವಲ್ಲ" ಎಂದು ನನ್ನ ಹೆಂಡತಿಗೆ ಅನುಮಾನ ಬಂದು ಎಡಪ್ಪಳ್ಳಿಯ ಕಣ್ಣಿನ ಡಾಕ್ಟರ ಬಳಿ ಎಳೆದೊಯ್ದಳು.

ರೆಟಿನಾ ಹರಿದಿತ್ತು. ಶಸ್ತ್ರಚಿಕಿತ್ಸೆಯಾಯಿತು. ಒಂದು ತಿಂಗಳು ಓದುವಂತಿಲ್ಲ, ಫೋನು ನೋಡುವಂತಿಲ್ಲ, ಒಂದೇ ಮಗ್ಗುಲಲ್ಲಿ ಮಲಗಬೇಕು. ದೃಷ್ಟಿ ಉಳಿಯುತ್ತದೆಯೇ ಎಂದು ಕೇಳಿದರೆ ಡಾಕ್ಟರು, "ತಿಂಗಳು ಕಳೆಯಲಿ, ನೋಡೋಣ" ಎಂದರು. ಚಿಂತೆ ಮಾಡುವವನಿಗೆ ಇದಕ್ಕಿಂತ ಕೆಟ್ಟ ಔಷಧಿ ಉಂಟೆ? ಕಣ್ಣು ಮುಚ್ಚಿದರೆ ಚಿಂತೆಗಳೆಲ್ಲ ಎಷ್ಟು ಚೆನ್ನಾಗಿ ಕಾಣುತ್ತವೆ! ಇನ್ನೊಂದು ಕಣ್ಣೂ ಹೋದರೆ ಆಲುವದ ಮೆಟ್ಟಿಲು ಹೇಗೆ ಇಳಿಯುವುದು ಎಂದು ಮಲಗಿದಲ್ಲೇ ಕಾಲಾಡಿಸಿ ಅಭ್ಯಾಸ ಮಾಡಿದೆ.

ಮೂರನೆಯ ದಿನ ಚಿಕ್ಕಮ್ಮನ ಫೋನು ಬಂತು. ಮಂಡಿನೋವಿನಿಂದ ಆಕೆ ರೈಲು ಹತ್ತುವಂತಿರಲಿಲ್ಲ. "ಓದಬಾರದು ಅಂದ್ರು ತಾನೆ? ಕೇಳಬಾರದು ಅಂದಿಲ್ವಲ್ಲ. ದಿನಾ ಸಂಜೆ ಆರಕ್ಕೆ ಫೋನ್ ಎತ್ತು. ಹೊಸ ಕಾದಂಬರಿಗಳು ಬಂದು ಬಿದ್ದಿವೆ."

ಹೀಗೆ ನನ್ನ ಓದಿನ ತಿಂಗಳು ಆರಂಭವಾಯಿತು. ಫೋನನ್ನು ದಿಂಬಿನ ಪಕ್ಕ ಇಟ್ಟು ಸ್ಪೀಕರು ಹಾಕಿ ಮಲಗುತ್ತಿದ್ದೆ. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲೇ ಉತ್ತರಿಸುವ ನನ್ನ ಮಗಳು ಮೊದಲ ದಿನ ಬಾಗಿಲಲ್ಲಿ ನಿಂತಳು, ಎರಡನೆಯ ದಿನ ಮಂಚದ ತುದಿಯಲ್ಲಿ ಕೂತಳು, ಆಮೇಲೊಂದು ದಿನ ತಡೆಯಲಾರದೆ "ಎನ್ನಿಟ್ಟ್, ಅಮ್ಮೂಮ್ಮೇ?" ಎಂದು ಅಜ್ಜಿಯನ್ನು ಕೇಳಿಬಿಟ್ಟಳು. ಫೋನು ಮೌನವಾಯಿತು. ಲೈನು ಕಟ್ಟಾಯಿತೇನೋ ಎಂದು ಮಗಳು ಫೋನು ಅಲ್ಲಾಡಿಸಿದಳು. ನಾನು ಗುಟ್ಟು ಹೇಳಿಕೊಟ್ಟೆ. "ಆಮೇಲೆ?" ಎಂದಳು. ಶ್ರೀಕಾರ್ಯಂನಲ್ಲಿ ಪುಟ ಮಗುಚಿದ ಸದ್ದು ಕೇಳಿಸಿತು.

ಎಂಥ ಕಾದಂಬರಿಗಳು ಅವು! ಮೊದಲನೆಯದರಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಗಂಡನನ್ನು ಬಿಟ್ಟು ಹೊರಟವಳಿಗೆ ಲಿಫ್ಟಿನಲ್ಲೇ ಒಳ್ಳೆಯ ಗೆಳತಿ ಸಿಕ್ಕಿದಳು. ಎರಡನೆಯದರಲ್ಲಿ ಟೈಲರ್ ಅಂಗಡಿಯ ಮಧ್ಯೆ ಗೋಡೆ ಕಟ್ಟಿಕೊಂಡ ಅಣ್ಣತಮ್ಮಂದಿರು ಒಂದೇ ಮದುವೆಯ ಬಟ್ಟೆ ಹೊಲಿಯಬೇಕಾಗಿ ಬಂದು, ಸೇರಿಯೇ ಗೋಡೆ ಒಡೆದರು. ಈಗಿನವರು ಬರೀ ಕತ್ತಲೆ ಬರೆಯುತ್ತಾರೆ ಎಂದು ಯಾರು ಹೇಳಿದ್ದು?

ಮೂರನೆಯದಂತೂ ನನ್ನ ಮೆಚ್ಚಿನದು. ಚನ್ನರಾಯಪಟ್ಟಣದ ಫೋಟೋಗ್ರಾಫರನೊಬ್ಬನ ಕಥೆ. ಅವನ ಕ್ಯಾಮರಾ ಕಳವಾಗಿ, ಕಳ್ಳನ ಬೆನ್ನುಹತ್ತಿ ಅವನು ನೇರ ನಮ್ಮ ಕೊಚ್ಚಿಯ ಮಟ್ಟಾಂಚೇರಿಗೇ ಬರುತ್ತಾನೆ. ಒಣಶುಂಠಿಯ ಗೋದಾಮಿನ ವಾಸನೆ, ಮೂಟೆಗಳ ನೆರಳಲ್ಲಿ ಮಲಗಿದ ಆಡುಗಳು, ಎಲ್ಲ ಕಣ್ಣಿಗೆ ಕಟ್ಟುವಂತೆ. ದೋಣಿಯಲ್ಲಿ ಅವನೊಬ್ಬ ಪುಟ್ಟ ಹುಡುಗನನ್ನು ನೋಡುತ್ತಾನೆ. ಹುಡುಗನ ಒಂದು ಚಪ್ಪಲಿ ನೀರಿಗೆ ಬೀಳುತ್ತದೆ. ಅದೊಂದೇ ಹೋದರೆ ಹೆದರೀತು ಎಂದು ಆ ಹುಡುಗ ಇನ್ನೊಂದನ್ನೂ ಹಿಂದೆಯೇ ಎಸೆಯುತ್ತಾನೆ. ಸುಡುವ ಬೀದಿಯಲ್ಲಿ ಆ ಬರಿಗಾಲ ಹುಡುಗನನ್ನು ಎತ್ತಿಕೊಂಡು ಒಬ್ಬಾಕೆ ಊರೆಲ್ಲ ಸುತ್ತುತ್ತಾಳೆ.

ನಾನು ಹೆಂಡತಿಯನ್ನು ಕೂಗಿ ಕರೆದೆ. "ಕೇಳಿದೆಯಾ? ಚಿಕ್ಕವನಿದ್ದಾಗ ಕೊಚ್ಚಿ ನೋಡೋಕೆ ಬಂದು ನಾನೂ ಹೀಗೇ ಎಸೆದಿದ್ದೆ."

"ನಿಮ್ಮ ಚಪ್ಪಲಿ ವಿಷಯ ಆ ಲೇಖಕರಿಗೆ ಯಾರು ಹೇಳಿದ್ರು?"

"ಇದಕ್ಕೇ ಸಾಹಿತ್ಯ ಅನ್ನೋದು," ಎಂದೆ, ಮಲಗಿದಲ್ಲೇ ಬೀಗುತ್ತಾ.

ತಿಂಗಳು ಕಳೆಯಿತು. ಡಾಕ್ಟರು ಬೆಳಕು ಬಿಟ್ಟು ನೋಡಿ, "ಎಲ್ಲಾಂ ಶರಿಯಾಯಿ, ಇನಿ ವಾಯಿಕ್ಕಾಂ" ಎಂದರು. ಎಲ್ಲ ಸರಿಯಾಗಿದೆ, ಇನ್ನು ಓದಬಹುದು! ಅವರು ತಪ್ಪಿ ಬಲಗಣ್ಣು ನೋಡಿರಬಹುದೇ ಎಂಬ ಚಿಂತೆಯೊಂದಿಗೆ ಮನೆಗೆ ಬಂದೆ.

ಆ ಭಾನುವಾರವೇ ಎಡಪ್ಪಳ್ಳಿಯಲ್ಲಿ ಇಲ್ಲಿನ ಕನ್ನಡದವರು ಸೇರುವುದಿತ್ತು. ವಿಷಯ, ಈ ತಿಂಗಳು ಮೆಚ್ಚಿದ ಹೊಸ ಕಾದಂಬರಿಗಳು. ಇಂಥ ಸಭೆಗಳಲ್ಲಿ ನಾನು ಕುರ್ಚಿ ಎತ್ತಿಡುವವನೇ ಹೊರತು ಮಾತಾಡುವವನಲ್ಲ. ಅವತ್ತು ಕಪ್ಪು ಕನ್ನಡಕ ಹಾಕಿಕೊಂಡು ಎದ್ದು ನಿಂತೆ. ಮೂರೂ ಕಾದಂಬರಿಗಳನ್ನು ಕೊಂಡಾಡಿದೆ. ಮಟ್ಟಾಂಚೇರಿ ಅಧ್ಯಾಯವನ್ನಂತೂ ಚಪ್ಪಲಿ ಸಮೇತ ವರ್ಣಿಸಿದೆ.

ಮುಂದಿನ ಸಾಲಿನಲ್ಲಿದ್ದ ಕಾಸರಗೋಡಿನ ಮೇಡಂ ಒಬ್ಬರು ಕೈ ಎತ್ತಿದರು. "ಒಂದು ನಿಮಿಷ ಮಾರಾಯ್ರೇ. ಮಟ್ಟಾಂಚೇರಿ ಎಲ್ಲಿಂದ ಬಂತು? ಆ ಕಥೆ ಚನ್ನರಾಯಪಟ್ಟಣ ಬಿಟ್ಟು ಆಚೆ ಹೋಗುವುದೇ ಇಲ್ಲವಲ್ಲ."

"ಕ್ಯಾಮರಾ ಹುಡುಕಿಕೊಂಡು ಬರ್ತಾನಲ್ಲ ಮೇಡಂ."

"ಕ್ಯಾಮರಾ ಕಳವಾಗುವುದೇ ಇಲ್ಲ. ಆ ಟೈಲರ್‌ಗಳೂ ಗೋಡೆ ಒಡೆಯುವುದಿಲ್ಲ. ಕೋರ್ಟಿಗೆ ಹೋಗ್ತಾರೆ. ತಮ್ಮನಂತೂ ಊರೇ ಬಿಡ್ತಾನೆ. ನೀವು ಓದಿದ್ದು ಯಾವ ಪುಸ್ತಕ?"

ಸಭೆ ನನ್ನತ್ತ ತಿರುಗಿತು. ಹಿಂದಿನಿಂದ ಧಾರವಾಡದ ಹಿರಿಯರೊಬ್ಬರು, "ಅವರು ಓದಿದ್ದನ ಛಲೋ ಅದ ಬಿಡ್ರಿ. ಎಲ್ಲಿ ಸಿಗ್ತದ ಅದು?" ಎಂದರು.

ಮೇಡಂ ನಕ್ಕು, "ಅಲ್ಲ, ಆ ಫೋಟೋಗ್ರಾಫರಿಗೆ ಆಗುವುದು ಏನೆಂದರೆ…" ಎಂದು ಶುರು ಮಾಡಿದವರು ನನ್ನ ಕಪ್ಪು ಕನ್ನಡಕ ನೋಡಿ ತಟ್ಟನೆ ನಿಲ್ಲಿಸಿದರು. ಚೀಲದಿಂದ ಪುಸ್ತಕ ತೆಗೆದು ಕೊಟ್ಟರು. "ನೀವೇ ಓದಿ. ನಿಧಾನಕ್ಕೆ ಓದಿ."

ಮೆಟ್ರೋದಲ್ಲೇ ಓದತೊಡಗಿದೆ. ಆಲುವದಲ್ಲಿ ಎಲ್ಲರೂ ಇಳಿದರು, ನಾನೂ ಇಳಿದು ಪ್ಲಾಟ್‌ಫಾರಂನ ಬೆಂಚಿನ ಮೇಲೆ ಕೂತು ಓದಿದೆ. ಅರ್ಧಪುಸ್ತಕ ಬರುವ ಮೊದಲೇ ಫೋಟೋಗ್ರಾಫರನ ಎಡಗಣ್ಣಿನ ಮುಂದೆ ಕಪ್ಪು ಚುಕ್ಕೆಗಳು ಹಾರಾಡುತ್ತವೆ. ಲೆನ್ಸಿಗೆ ಧೂಳು ಹಿಡಿದಿದೆ ಎಂದುಕೊಂಡು ಅವನು ಒರೆಸುತ್ತಾನೆ, ಮತ್ತೆ ಮತ್ತೆ ಒರೆಸುತ್ತಾನೆ. ಆಪರೇಷನ್ ಆಗುತ್ತದೆ. ಎಡಗಣ್ಣು ಹೋಗುತ್ತದೆ, ಆಮೇಲೆ ಬಲಗಣ್ಣೂ. ಉಳಿದ ಅರ್ಧಪುಸ್ತಕವೆಲ್ಲ ಕತ್ತಲು. ಬಹಳ ದೊಡ್ಡ ಕಾದಂಬರಿ, ಸುಳ್ಳು ಹೇಳಲಾರೆ. ಆದರೆ ಅದು ನನ್ನ ಕಿವಿಗೆ ಬೀಳಬೇಕಿದ್ದ ಆ ಸಂಜೆಗಳಲ್ಲಿ, ಎಪ್ಪತ್ತು ದಾಟಿದ ಚಿಕ್ಕಮ್ಮ ಈ ಪುಟಗಳನ್ನು ಎದುರಿಗೆ ಹರಡಿಕೊಂಡು, ಕತ್ತಲಿನ ಒಂದು ಸಾಲೂ ನನಗೆ ತಾಗದಂತೆ, ಚಪ್ಪಲಿ ಎಸೆದ ದಿನದಂತೆಯೇ ನನ್ನನ್ನು ಎತ್ತಿಕೊಂಡು ಮಟ್ಟಾಂಚೇರಿಯ ಬಿಸಿಲಲ್ಲಿ ಸುತ್ತಿಸುತ್ತಿದ್ದಳು.

ಚೆನ್ನಾಗಿ ಛೇಡಿಸಬೇಕೆಂದು ಬೆಂಚಿನಿಂದಲೇ ಫೋನು ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ, "ಓದಬಹುದು ಅಂದ್ರಂತೆ ಡಾಕ್ಟರು. ನಿನ್ನ ಮಗಳು ಹೇಳಿದಳು," ಎಂದಳು.

"ಹೌದು ಚಿಕ್ಕಮ್ಮ."

ಶ್ರೀಕಾರ್ಯಂನಲ್ಲಿ ಪುಸ್ತಕ ಮುಚ್ಚಿಟ್ಟ ಸದ್ದು ಕೇಳಿಸಿತು.

"ಓದು. ಯಾವುದು ಬೇಕಾದ್ರೂ ಓದು. ಆ ಫೋಟೋಗ್ರಾಫರಂದು ಮಾತ್ರ ಬೇಡ."

"ಯಾಕೆ?"

"ಅಕ್ಷರ ತೀರಾ ಸಣ್ಣದು ಕಣೋ. ಈಗಷ್ಟೇ ವಾಸಿಯಾಗಿರೋ ಕಣ್ಣಿಗೆ ಆಗಲ್ಲ."

ತೊಡೆಯ ಮೇಲೆ ಪುಸ್ತಕ ತೆರೆದೇ ಇತ್ತು. ದೊಡ್ಡ, ದುಂಡನೆಯ ಅಕ್ಷರಗಳು. ಎರಡೂ ಕಣ್ಣಿಗೆ ನಿಚ್ಚಳವಾಗಿ ಕಾಣುತ್ತಿದ್ದವು.

"ಸರಿ," ಎಂದೆ. "ಓದಲ್ಲ."