ಇಟಲಿಯ ಬಣ್ಣ

ಸುಳ್ಳು ಹೇಳುವವನಿಗೆ ತನ್ನ ಕಸುಬಿನ ವಿಷಯದಲ್ಲಿ ಮಾತ್ರ ಸುಳ್ಳು ಹೇಳಬಾರದೆಂಬ ವಿವೇಕವಾದರೂ ಇರಬೇಕು. ಕೊಳ್ಳೇಗಾಲದ ರೇಷ್ಮೆ ನೇಕಾರರಾದ ಪುಟ್ಟಮಲ್ಲಪ್ಪನವರಿಗೆ ಐವತ್ತೆಂಟು ತುಂಬಿದ್ದರೂ ಆ ವಿವೇಕ ಬಂದಿರಲಿಲ್ಲ.

ಅಂದು ಬೆಳಿಗ್ಗೆ ಅವರ ಕೈಮಗ್ಗ ನೋಡಲು ಇಟಲಿ ದೇಶದ ದಂಪತಿಗಳಿಬ್ಬರು ಬಂದಿದ್ದರು. ಕರೆತಂದವನು ಯಳಂದೂರಿನ ಗೈಡ್ ಶಾಂತಮೂರ್ತಿ. ಲಾಳಿಯ ಓಟಕ್ಕೆ ಮನಸೋತ ಆ ಇಟಲಿಯ ಮಹಾಶಯ ಹೊರಡುವಾಗ ಚೀಲದಿಂದ ಒಂದು ಕಪ್ಪು ಬಾಟಲಿಯನ್ನು ತೆಗೆದು, ಎರಡೂ ಕೈಗಳಿಂದ, ಕೂಸನ್ನು ಒಪ್ಪಿಸುವಂತೆ ಪುಟ್ಟಮಲ್ಲಪ್ಪನವರಿಗೆ ಒಪ್ಪಿಸಿದನು.

"ಸಾ, ಇದು ಅವರ ತೋಟದ್ದೇ ದ್ರಾಕ್ಷಿ ವೈನು," ಎಂದು ಶಾಂತಮೂರ್ತಿ ಕಿವಿಯಲ್ಲಿ ಉಸುರಿದನು. "ಎಂಟು ತಲೆಮಾರಿಂದ ಅದೇ ಮನೆ, ಅದೇ ಬಳ್ಳಿ, ಅದೇ ಮರದ ಪೀಪಾಯಿ. ಕತ್ಲಲ್ಲಿ ಮಲಗ್ಸಿ ಇಡ್ಬೇಕು ಸಾ. ಅಲ್ಲಾಡಿಸ್ಬಾರ್ದು. ಬಿರಡೆ ತೆಗೆದ್ಮ್ಯಾಲೆ ಒಂದ್ ಗಂಟೆ ಗಾಳಿ ಕುಡೀಲಿ ಅಂತ ಬುಡ್ಬೇಕು."

ಪುಟ್ಟಮಲ್ಲಪ್ಪನವರು ತಟ್ಟನೆ ಅಡುಗೆಮನೆಯ ಕಡೆ ನೋಡಿದರು. ಧರ್ಮಪತ್ನಿ ಗುರುಸಿದ್ದಮ್ಮನವರು ಪೇಟೆಬೀದಿಯ ಮದ್ಯವಿರೋಧಿ ಮಹಿಳಾ ಸಂಘದ ಅಧ್ಯಕ್ಷೆ. ಅವರ ಆಜ್ಞೆಯಿಂದ ಪುಟ್ಟಮಲ್ಲಪ್ಪನವರು ಹದಿನಾಲ್ಕು ವರ್ಷಗಳಿಂದ ಒಣ ವನವಾಸದಲ್ಲಿದ್ದರು. (ಶ್ರೀರಾಮನಿಗಾದರೂ ಹದಿನಾಲ್ಕು ಮುಗಿದ ಮೇಲೆ ಪಟ್ಟಾಭಿಷೇಕವಿತ್ತು.) ಈಗ ದೈವವೇ ಏಳು ಸಮುದ್ರ ದಾಟಿ ಬಂದಿದೆ. ಒಂದೇ ಒಂದು ಗುಟುಕು ಸಿಕ್ಕಿದರೆ ಜನ್ಮ ಸಾರ್ಥಕ.

ಅತಿಥಿಗಳು ಹೋದರು. ಬಾಟಲಿಯನ್ನು ಪಂಚೆಯಲ್ಲಿ ಸುತ್ತಿ ಅಟ್ಟದ ಕಡೆ ತಿರುಗುವಷ್ಟರಲ್ಲಿ ಅಡುಗೆಮನೆಯ ಹೊಸ್ತಿಲಲ್ಲಿ ಅಧ್ಯಕ್ಷೆಯವರು ಪ್ರತ್ಯಕ್ಷರಾದರು.

"ಏನ್ರೀ ಅದು?"

"ಬಣ್ಣ ಕಣಮ್ಮಿ. ಇಟಲಿ ಬಣ್ಣ. ರೇಷ್ಮೆಗೆ ಆಕೋದು."

ಗುರುಸಿದ್ದಮ್ಮನವರು ಬಾಟಲಿಯನ್ನು ಬೆಳಕಿಗೆ ಹಿಡಿದರು. ಅವರ ಕಣ್ಣು ಅರಳಿತು. "ಒಳ್ಳೇದೇ ಆಯ್ತು. ಬಂಡಳ್ಳಿ ಕೆಂಪಾಜಕ್ಕ ಮೊಮ್ಮಗಳ ಧಾರೆಸೀರೆಗೆ ದಾಳಿಂಬೆ ಬಣ್ಣ ಬೇಕು ಅಂತವ್ಳೆ. ಇವತ್ತು ಅವ್ಳೇ ಬತ್ತಾಳೆ. ಒಲೆ ಅಚ್ತೀನಿ, ತನ್ನಿ."

"ಇವತ್ತೇ ಬ್ಯಾಡ! ಅದ್ನ ಕತ್ಲಲ್ಲಿ ಮಲಗಿಸ್ಬೇಕಂತೆ. ವರ್ಸ ಕಳೆದಂಗೆಲ್ಲಾ ಒಳ್ಳೇದಾಯ್ತದಂತೆ."

"ವರ್ಸ ಕಳೆದಂಗೆ ಒಳ್ಳೇದಾಗಿದ್ದು ಈ ಮನೇಲಿ ನಾನೇನೂ ಕಂಡಿಲ್ಲ," ಎಂದು ಗುರುಸಿದ್ದಮ್ಮನವರು ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಬಿರಡೆ ಕೀಳಿ."

ತಿರುಪುಮೊಳೆ ಇಳಿಸಿ, ಇಕ್ಕಳ ಹಾಕಿ ಎಳೆದಾಗ ಬಿರಡೆ 'ಟಪ್' ಎಂದಿತು. ಪುಟ್ಟಮಲ್ಲಪ್ಪನವರು ಗಾಳಿ ಕುಡಿಸುವ ಶಾಸ್ತ್ರವನ್ನೂ ಮುಂದಿಟ್ಟರು.

"ಬಣ್ಣ ಗಾಳಿ ಕುಡಿತದಾ? ಅದ್ಯಾವ ಸೀಮೆ ಬಣ್ಣರೀ!"

ಗುರುಸಿದ್ದಮ್ಮನವರು ಅರ್ಧ ಲೋಟವನ್ನು ಸಣ್ಣ ಪಾತ್ರೆಗೆ ಸುರಿದು, ಕಾಯಿಸಿ, ಪರೀಕ್ಷೆಗೆಂದು ಒಂದು ಎಳೆ ರೇಷ್ಮೆಯನ್ನು ಅದ್ದಿದರು. ಎಂಟು ತಲೆಮಾರಿನ ಶ್ರಮ ಕೊತಕೊತ ಕುದಿಯಿತು. ಆವಿಗೆ ಮೂಗೊಡ್ಡಿ ನಿಂತ ಪುಟ್ಟಮಲ್ಲಪ್ಪನವರ ಕಣ್ಣಲ್ಲಿ ನೀರಾಡಿತು. ಎಳೆ ಮೇಲೆ ಬಂದಾಗ ಅದಕ್ಕೆ ನೆಂದ ಇಲಿಯ ವರ್ಣವಿತ್ತು.

"ಉಳಿ ಸಾಲ್ದು ಅಂತ ಕಾಣ್ತದೆ," ಎಂದರು ಗುರುಸಿದ್ದಮ್ಮನವರು.

ಪುಟ್ಟಮಲ್ಲಪ್ಪನವರ ಬುದ್ಧಿಯಲ್ಲಿ ಮಿಂಚು ಹೊಳೆಯಿತು. ಆ ಮನೆಯಲ್ಲಿ ಹಿಂದೆ ಗಿಡಮೂಲಿಕೆಯ ಬಣ್ಣ ಕಾಯಿಸುತ್ತಿದ್ದಾಗ, ಹುಳಿ ಹದಕ್ಕೆ ಬಂದಿದೆಯೇ ಎಂದು ನಾಲಿಗೆಯ ತುದಿಯಿಂದ ರುಚಿ ನೋಡುವುದು ವಾಡಿಕೆಯಾಗಿತ್ತು. "ನಮ್ಮಪ್ಪ ನಾಲ್ಗೇಲಿ ನೋಡ್ತಿರ್ನಿಲ್ವಾ? ತಾ, ಒಂದ್ ಲೋಟ ಬಗ್ಗಿಸು. ನಾನೇ ನೋಡ್ತೀನಿ."

"ನೀವ್ ಮಗ್ಗದ ಮ್ಯಾಲೆ ಕೂರೋರು. ಬಣ್ಣದ ಒಲೆ ಮುಂದೆ ಕೂರೋಳು ನಾನು. ಮಾವಯ್ಯ ಆ ವಿದ್ಯೆ ಕಲ್ಸಿದ್ದು ನಂಗೆ, ನಿಮ್ಗಲ್ಲ."

ಅಧ್ಯಕ್ಷೆಯವರು ಬಾಟಲಿಯಿಂದ ಒಂದು ಚಮಚ ಬಗ್ಗಿಸಿ ಬಾಯಿಗೆ ಹಾಕಿಕೊಂಡರು. ಮುಖ ಹಿಂಡಿದರು. "ಒಗರು." ಇನ್ನೊಂದು ಚಮಚ. "ಉಳಿ ಐತೆ, ಆದ್ರೂ ಹಿಂದಿಂದ ಏನೋ ಬತ್ತದೆ." ಮೂರನೆಯದು. "ನೇರಳೆಹಣ್ಣಿನಂಗೆ." ನಾಲ್ಕನೆಯದಕ್ಕೆ ಚಮಚ ಸಾಲದೆನಿಸಿ ಲೋಟ ತೆಗೆದುಕೊಂಡರು. ವಿದ್ಯೆ ಎಂದ ಮೇಲೆ ಸಾಧನೆ ಬೇಡವೇ?

ಅಷ್ಟರಲ್ಲಿ ಬಂಡಳ್ಳಿಯ ಕೆಂಪಾಜಮ್ಮ ಬಸ್ಸಿಳಿದು ಬಂದರು. ಅವರೂ ತಮ್ಮೂರಿನ ಮದ್ಯವಿರೋಧಿ ಸಂಘದ ಅಧ್ಯಕ್ಷೆ.

"ಎಲ್ಲೈತಮ್ಮೀ ನನ್ ಮೊಮ್ಮಗಳ ಬಣ್ಣ?"

"ಬಾ ಕೆಂಪಾಜಕ್ಕ, ನಾಲ್ಗೆಗೆ ಆಕ್ಕಂಡು ನೋಡು. ಉಳಿ ಸರ್ಯಾಗೈತಾ ಹೇಳು."

ಕೆಂಪಾಜಮ್ಮ ಒಂದೇ ಗುಟುಕಿಗೆ ಲೋಟ ಬರಿದು ಮಾಡಿದರು. "ಗೊತ್ತಾಗ್ನಿಲ್ಲ. ಇನ್ನೊಸಿ ಬುಡು."

ಇಬ್ಬರು ಅಧ್ಯಕ್ಷೆಯರೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಬಣ್ಣದ ಗುಣಾವಗುಣಗಳನ್ನು ಕೂಲಂಕಷವಾಗಿ ವಿಮರ್ಶಿಸಿದರು. ಮೊದಲು ಗಂಭೀರವಾಗಿ, ಬಳಿಕ ಗಟ್ಟಿಯಾಗಿ, ಕೊನೆಗೆ ಸೋಬಾನೆ ಹಾಡಿಕೊಂಡು. ಪ್ರತಿ ಗುಟುಕಿಗೂ ಪುಟ್ಟಮಲ್ಲಪ್ಪನವರ ಗಂಟಲು ಏರಿ ಇಳಿಯಿತು.

"ನಂಗೂ ಒಂಚೂರು..."

"ಗಂಡಸ್ರಿಗೆ ಬಣ್ಣದ ಇಚಾರ ಏನ್ ತಿಳಿತದೆ? ಸುಮ್ಕೆ ಕೂತ್ಕಳಪ್ಪಾ!" ಎಂದು ಕೆಂಪಾಜಮ್ಮ ಗದರಿದರು. ಅವರ ನಾಲಿಗೆ ದಾಳಿಂಬೆಯ ಬಣ್ಣಕ್ಕೆ ತಿರುಗಿತ್ತು.

ಇದ್ದಕ್ಕಿದ್ದಂತೆ ಗುರುಸಿದ್ದಮ್ಮನವರು ಹಾಡು ನಿಲ್ಲಿಸಿದರು. ತಲೆ ಓಲಾಡುತ್ತಿದ್ದರೂ ನೋಟ ಮಾತ್ರ ಗಂಡನ ಮೇಲೆ ನೆಟ್ಟಿತ್ತು.

"ರೀ. ಇದು ಬಣ್ಣನೇ ತಾನೆ?"

ಪುಟ್ಟಮಲ್ಲಪ್ಪನವರು ಕ್ಷಣಮಾತ್ರ ಆಲೋಚಿಸಿದರು. ನಿಜ ಹೇಳಿದರೆ ಎರಡು ಊರಿನ ಎರಡು ಸಂಘಗಳು ಒಂದೇ ಮಧ್ಯಾಹ್ನ ಅನಾಥವಾಗುತ್ತವೆ. ಆ ಪಾಪ ಯಾರ ತಲೆಗೆ ಬರುವುದೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ಬಣ್ಣನೇ ಕಣಮ್ಮಿ. ಅಪ್ಪನಾಣೆ ಬಣ್ಣ."

"ಅಂಗನ್ನಿ ಮತ್ತೆ. ರೇಷ್ಮೆಗೆ ಹತ್ತಾಕಿಲ್ಲ, ಆದ್ರೂ ಒಳ್ಳೆ ಬಣ್ಣ. ಶಾಂತಮೂರ್ತಿಗೆ ಫೋನ್ ಮಾಡಿ, ಇನ್ನೆರಡು ಬಾಟ್ಲಿ ತರ್ಸಿ."

"ನಾಕು," ಎಂದರು ಕೆಂಪಾಜಮ್ಮ.

ಇಬ್ಬರೂ ಒಬ್ಬರ ಹೆಗಲಿಗೊಬ್ಬರು ಒರಗಿದರು. ಬಾಟಲಿಯ ತಳದಲ್ಲಿ ಒಂದು ಗುಟುಕು ಉಳಿದಿತ್ತು. ಪುಟ್ಟಮಲ್ಲಪ್ಪನವರು ಮೆಲ್ಲನೆ ಅದನ್ನೆತ್ತಿ ತುಟಿಯ ಬಳಿಗೆ ತಂದರು.

"ರೀ!" ಎಂದು ಧರ್ಮಪತ್ನಿ ಒಂದೇ ಕಣ್ಣು ತೆರೆದರು. "ಬಣ್ಣ ಕುಡಿಯೋಕೆ ನಿಮಗೇನ್ ಹುಚ್ಚಾ? ಹೊಟ್ಟೆ ಕೆಡ್ತದೆ. ಚರಂಡಿಗೆ ಸುರೀರಿ. ನನ್ ಕಣ್ಮುಂದೆ ಸುರೀರಿ."

ಪುಟ್ಟಮಲ್ಲಪ್ಪನವರು ಸುರಿದರು. ಅಲ್ಲಾಡಿಸದೆ, ನಿಧಾನವಾಗಿ ಸುರಿದರು.