ಕ್ಯಾಪ್ಟನ್ ಪಕ್ಕದ ಕುರ್ಚಿ

ಹೆಂಡತಿ ಬೆಳಗ್ಗೆ ಆಡಿದ ಒಂದೇ ಮಾತಿಗೆ ಲೇಬಲ್ ಮೇಷ್ಟ್ರ ಹೊಟ್ಟೆಗೆ ಬೆಂಕಿ ಬಿತ್ತು.

"ಸಂಜೆ ಹಡಗು ನೋಡೋಕೆ ಅಕ್ಕ-ಭಾವನ್ನೂ ಕರ್ಕೊಂಡು ಬರ್ತೀನಿ ಕಣ್ರೀ. ಏನು ತಲೆ ರೀ ಆ ಸೋಡಾಬುಡ್ಡಿಯವರದು!"

ಇಪ್ಪತ್ತೆರಡು ವರ್ಷದಿಂದ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಗಳಿಗೆಲ್ಲ ವಿವರದ ಚೀಟಿ ಬರೆದವರು ಮೇಷ್ಟ್ರು. ಅವನ್ನು ನೋಡಲು ಈ ಹೆಂಡತಿ ಒಂದು ದಿನವೂ ಬಂದವಳಲ್ಲ. ಪಕ್ಕದ ಮೇಜಿನ ಸೋಡಾಬುಡ್ಡಿ, ಆ ದಪ್ಪ ಕನ್ನಡಕದ ಮೆತ್ತನೆ ಮನುಷ್ಯ, ನೂರು ವರ್ಷದ ಹಿಂದೆ ಸಾಗರ ದಾಟುತ್ತಿದ್ದ ಹಡಗೊಂದನ್ನು ಮೂರು ವರ್ಷ ಕೂತು ಕಂಪ್ಯೂಟರಿನಲ್ಲಿ ಮೊಳೆ ಮೊಳೆಯಾಗಿ ಕಟ್ಟಿದ್ದ. ಸಂಜೆ ಅದರ ಉದ್ಘಾಟನೆ. ಅಷ್ಟರೊಳಗೆ ಅದರಲ್ಲೊಂದು ತಪ್ಪು ಹುಡುಕಿ ನಾಲ್ಕು ಜನರ ಮುಂದೆ ಎತ್ತಿ ಆಡದಿದ್ದರೆ ತಮಗೆ ಊಟ ಸೇರದು ಎಂದು ಮೇಷ್ಟ್ರು ನಿಶ್ಚಯಿಸಿದರು.

ಆಫೀಸಿಗೆ ಬಂದವರೇ ಕಂಪ್ಯೂಟರ್ ತೆರೆದು ಹಡಗಿನೊಳಗೆ ಹೊಕ್ಕರು. ಹೊಗೆಕೊಳವೆ ಸರಿ. ದೋಣಿಗಳ ಲೆಕ್ಕ ಸರಿ. ಬಚ್ಚಲುಮನೆಯ ಸಾಬೂನಿನ ಮೇಲೆ ನೊರೆ ಕೂಡ ಇತ್ತು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಕೆಂಪಾದವು, ಉರಿ ಇಮ್ಮಡಿಯಾಯಿತು.

ಟಿಕೆಟ್ ಕೌಂಟರಿನ ಅಕ್ಕ ಇಣುಕಿದಳು. "ಮೇಷ್ಟ್ರೇ, ಊಟದ ಹಾಲ್ ನೋಡಿದ್ರಾ? ನೋಡಿ, ನೋಡಿ!" ಕಿಸಕ್ಕನೆ ನಕ್ಕು ಮಾಯವಾದಳು.

ನೋಡಿದರು. ಕ್ಯಾಪ್ಟನ್ ಪಕ್ಕದ ಕುರ್ಚಿಯಲ್ಲಿ ಯಾರೋ ಬೆನ್ನು ತೋರಿಸಿ ಕೂತಿದ್ದ. ಹಿಂದಲೆಯಲ್ಲಿ ಚಹಾ ತಟ್ಟೆಯಷ್ಟಗಲ ಬೋಳು, ಕಿವಿಯ ಸಂದಿಯಲ್ಲಿ ನೀಲಿ ಬಾಲ್‌ಪೆನ್ನು! ಮೇಷ್ಟ್ರು ತಮ್ಮ ಕಿವಿಯ ಪೆನ್ನು ಸರಿಪಡಿಸಿಕೊಂಡು ಕ್ಯುರೇಟರ್ ಮೇಡಂ ಕೋಣೆಗೆ ಓಡಿದರು. ಸೋಡಾಬುಡ್ಡಿ, ಟಿಕೆಟ್ ಕೌಂಟರಿನ ಅಕ್ಕ, ಎಲ್ಲರೂ ಅಲ್ಲೇ ಇದ್ದರು.

"ಆ ಕಾಲದಲ್ಲಿ ಬಾಲ್‌ಪೆನ್ ಎಲ್ಲಿತ್ತು ಮೇಡಂ? ಇತಿಹಾಸಕ್ಕೇ ಅಪಚಾರ! ಕ್ಯಾಪ್ಟನ್ ಪಕ್ಕ ಕೂರೋ ಯೋಗ್ಯತೆ ಇದ್ಯಾ ಆ ಬೋಳನಿಗೆ? ಹಿಂದಿನಿಂದ ನೋಡಿದ್ರೇ ಗೊತ್ತಾಗುತ್ತೆ, ದಡ್ಡ ಶಿಖಾಮಣಿ!"

ಅಕ್ಕ ಗೋಡೆಯ ಕಡೆ ತಿರುಗಿ ಕೆಮ್ಮಿದಳು.

"ಅದೊಂದು ಇರ್ಲಿ ಮೇಷ್ಟ್ರೇ..." ಎಂದ ಸೋಡಾಬುಡ್ಡಿ.

"ಇರೋ ಹಾಗಿಲ್ಲ! ಎಬ್ಬಿಸಿ ಅವನನ್ನ!"

"ಮೇಷ್ಟ್ರು ಹೇಳೋದು ಸರಿ, ತೆಗೀರಿ," ಎಂದರು ಮೇಡಂ.

ಸೋಡಾಬುಡ್ಡಿ ಪರದೆಯ ಮೇಲೆ ಆ ಕುರ್ಚಿಯನ್ನು ಮೆಲ್ಲಗೆ ತಿರುಗಿಸಿದ. ಮೇಷ್ಟ್ರು ತಮ್ಮ ಮುಖವನ್ನೇ ಎದುರುಗೊಂಡರು. ತಮ್ಮ ಹಿಂದಲೆಯನ್ನು ಅವರು ಈ ಜನ್ಮದಲ್ಲಿ ಕಂಡದ್ದು ಅದೇ ಮೊದಲು.

"ನಿಮ್ಮ ಚೀಟಿ ಓದಿಯೇ ನಾನು ಹಡಗಿನ ವಿದ್ಯೆ ಕಲ್ತಿದ್ದು ಮೇಷ್ಟ್ರೇ. ಅದಕ್ಕೇ ಅಲ್ಲಿ ಕೂರಿಸಿದ್ದೆ. ಸಂಜೆ ನಿಮ್ಮ ಮನೆಯವರ ಮುಂದೆ ತೋರಿಸೋಣ ಅಂತ..."

ಮೇಷ್ಟ್ರು ಕಿವಿಯ ಪೆನ್ನು ಕಿತ್ತು ಜೇಬಿಗೆ ಹಾಕಿಕೊಂಡರು. "ಮೇಡಂ, ಪೆನ್ ಮಾತ್ರ ತೆಗೆದ್ರೆ ಸಾಕಲ್ವಾ?"

"ಪೆನ್ನು, ಕಿವಿ, ತಲೆ ಎಲ್ಲಾ ಒಂದೇ ಅಚ್ಚು," ಎಂದ ಸೋಡಾಬುಡ್ಡಿ. "ತೆಗೆದ್ರೆ ಕಿವೀನೂ ಹೋಗುತ್ತೆ. ಹೊಸದು ಮಾಡೋಕೆ ವಾರ ಬೇಕು. ಆದ್ರೂ ನಿಮ್ಮನ್ನ ಹಡಗಿನಿಂದ ಇಳಿಸೋಕೆ ನನಗೆ ಮನಸ್ಸಿಲ್ಲ. ಪೆನ್ನು ಕಾಣದಂಥ ಜಾಗ ಒಂದಿದೆ."

"ಹಾಗಾದ್ರೆ ಡೆಕ್ಕಿನ ಮೇಲೆ ನಿಲ್ಲಿಸಿರೋ ನನ್ನನ್ನ ಆ ಕುರ್ಚಿಗೆ ಕೂರಿಸಿ!" ಎಂದಳು ಅಕ್ಕ.

ಸಂಜೆ ದೊಡ್ಡ ಪರದೆಯ ಮೇಲೆ ಟಿಕೆಟ್ ಕೌಂಟರಿನ ಅಕ್ಕ ಕ್ಯಾಪ್ಟನ್ ಜೊತೆ ಭರ್ಜರಿಯಾಗಿ ಊಟಕ್ಕೆ ಕೂತಿದ್ದಳು. ಪರದೆಯ ನೋಟ ಹಡಗಿನೊಳಗೆ ಅಂತಸ್ತು ಅಂತಸ್ತಾಗಿ ಕೆಳಗಿಳಿದು, ತಳದ ಬಾಯ್ಲರ್ ಕೋಣೆಯ ಕತ್ತಲಿಗೆ ಬಂದು ನಿಂತಿತು. ಅಲ್ಲಿ ಕಿವಿ ಕುತ್ತಿಗೆಯೆಲ್ಲ ಮಸಿಯಾದ ಒಬ್ಬ ಬೋಳುತಲೆಯವನು ಬಗ್ಗಿ ಬಗ್ಗಿ ಬೆಂಕಿಗೆ ಕಲ್ಲಿದ್ದಲು ಎತ್ತಿ ಹಾಕುತ್ತಿದ್ದ. ಹೆಂಡತಿ ಕಣ್ಣರಳಿಸಿ ಮೇಷ್ಟ್ರ ತೋಳು ಹಿಡಿದಳು.

"ಸೋಡಾಬುಡ್ಡಿಯವರ ತಲೆಯೇ ತಲೆ ಕಣ್ರೀ! ಇಷ್ಟು ವರ್ಷದಲ್ಲಿ ನಿಮ್ಮ ಕೈಲಿ ಮೈ ಬಗ್ಗಿಸಿ ಕೆಲಸ ಮಾಡಿಸೋಕೆ ನನ್ನಿಂದ ಆಗ್ಲಿಲ್ಲ. ಅವರು ಒಂದೇ ದಿನದಲ್ಲಿ ಮಾಡಿಸಿಬಿಟ್ರಲ್ಲ!"